ಕಲ್ಲೇಶಪ್ಪನವರ ಪಡಸಾಲೆ ಹೈಸ್ಕೂಲು

"ಅಪ್ಪಾ, ಒಬ್ಳೇ ಇರೋ ಕ್ಲಾಸಲ್ಲಿ ಫಸ್ಟ್ ಬಂದ್ರೇನು, ಲಾಸ್ಟ್ ಬಂದ್ರೇನು?"

ಶಿವಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಪಾಠಕ್ಕೆ ಕೂತ ಕಲ್ಲೇಶಪ್ಪನವರಿಗೆ ಮಗಳು ಮಂಗಳಗೌರಿಯ ಮಾತು ಶೇಂಗಾ ಸಿಪ್ಪೆಯಂತೆ ಗಂಟಲಿಗೆ ಸಿಕ್ಕಿಕೊಂಡಿತು.

ಹೆಂಡತಿ ಲಿಂಗೈಕ್ಯಳಾದ ಮೇಲೆ ಆ ಮನೆಯಲ್ಲಿ ಉಳಿದಿದ್ದ ಸದ್ದೆಂದರೆ ಮಗಳು ಪಾಠ ಓದುವ ದನಿಯೊಂದೇ. ಅದೂ ಬೆಳಗಿನ ಬಸ್ಸು ಹತ್ತಿ ರಾಂಪುರದ ಹೈಸ್ಕೂಲಿಗೆ ಹೊರಟುಬಿಟ್ಟರೆ? ಬಸ್ಸು ನೆಟ್ಟಗೆ ಬರಲ್ಲ ಎಂದು ಊರಿಗೆಲ್ಲ ಹೇಳಿ, ಎಂಟನೇ ಕ್ಲಾಸನ್ನು ಪಡಸಾಲೆಯಲ್ಲೇ ಮುಗಿಸಿದ್ದರು. ಒಂಬತ್ತು, ಹತ್ತೂ ಇಲ್ಲೇ. ಕೊನೆಗೆ ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟಿಸಿದರಾಯಿತು ಎಂಬುದು ಅವರ ಎಣಿಕೆ.

"ಮತ್ತೆ ನಿಂಗೇನು ಬೇಕವ್ವಾ?"

"ಪಕ್ಕದಲ್ಲಿ ಕೂರೋಕೆ ಯಾರಾದ್ರೂ ಬೇಕು."

ಅಷ್ಟೇ ತಾನೇ! ಕಲ್ಲೇಶಪ್ಪ ಟವೆಲ್ ಕೊಡವಿ ಹೊರಟರು. ಶಾಲೆ ತೆರೆದು ವಾರವಾಗಿತ್ತು. ಮಕ್ಕಳೆಲ್ಲ ಅಲ್ಲಿಗೆ ಹೋಗಿ, ಆ ಹೊತ್ತಿಗೆ ಊರಲ್ಲಿ ಒಬ್ಬರೂ ಇರಲಿಲ್ಲ. ಎಸ್‌ಟಿಡಿ ಬೂತಿನ ಮುಂದಿನ ಕಟ್ಟೆಯ ಮೇಲೆ ಸಿಕ್ಕವರು ಬೋರಯ್ಯ, ಪೆದ್ದಣ್ಣ, ಅವರಿಬ್ಬರನ್ನೂ ಬೈಯುತ್ತಿದ್ದ ಹುಚ್ಚಕ್ಕ. ಮೂವರಿಗೂ ಅರವತ್ತು ದಾಟಿತ್ತು.

"ಒಂದಿನ ನನ್ನ ಮಗಳ ಜೊತೆ ಓದೋಕೆ ಬರ್ರಪ್ಪಾ."

"ಮಂಡಕ್ಕಿ ಕೊಡ್ತೀರಾ ಗೌಡ್ರೆ?" ಎಂದ ಬೋರಯ್ಯ.

ಕೊಡುತ್ತೇನೆಂದದ್ದೇ ತಪ್ಪಾಯಿತು.

ಪಡಸಾಲೆಯಲ್ಲಿ ಕಲ್ಲೇಶಪ್ಪ ಮೇಷ್ಟ್ರಾಗಿ ಹಾಜರಿ ಕೂಗಿದಾಗ ಪೆದ್ದಣ್ಣ "ಹಾಜರ್ ಸಾ!" ಎಂದು ಒದರಿದ ರಭಸಕ್ಕೆ ಹಿತ್ತಲ ಎಮ್ಮೆ ಹಗ್ಗ ಕಿತ್ತುಕೊಂಡಿತು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದರೆ ಬೋರಯ್ಯ ಒಪ್ಪಲಿಲ್ಲ.

"ಅದೆಂಗ್ರಿ? ನಾನು ಹುಟ್ಟಿದಾಗಿಂದ ಜಟಿಂಗ ರಾಮೇಶ್ವರನ ಗುಡ್ಡ ಅಲ್ಲೇ ಐತೆ!"

"ಮೇಷ್ಟ್ರೇ, ಈ ಪೆದ್ದಣ್ಣ ನನ್ನ ಮಂಡಕ್ಕಿ ತಿಂತಾನೆ!" ಎಂದಳು ಹುಚ್ಚಕ್ಕ.

"ಚಾಡಿ ಹೇಳ್ತೀಯೇನೇ ಹುಚ್ಚಿ?"

ಹುಚ್ಚಕ್ಕ ಬೀಸಿದ ಸ್ಲೇಟು ಪೆದ್ದಣ್ಣನನ್ನು ಬಿಟ್ಟು ಮೇಷ್ಟ್ರ ಮಂಡಿಗೆ ಬಿತ್ತು. ಸಿಟ್ಟಿಗೆದ್ದ ಮೇಷ್ಟ್ರು ಮೂವರಿಗೂ ಬಸ್ಕಿ ಹೊಡೆಯಲು ಹೇಳಿದರು. ಕೂತ ಬೋರಯ್ಯ ಏಳಲಾರದೆ ಹಾಗೇ ಉಳಿದ. ಎತ್ತಲು ಹೋದ ಪೆದ್ದಣ್ಣ ಅವನ ಮೇಲೇ ಬಿದ್ದ. ಅಷ್ಟರಲ್ಲಿ ಎಮ್ಮೆ ಪಡಸಾಲೆಗೇ ಬಂದು, ಇನ್‌ಸ್ಪೆಕ್ಟರರಂತೆ ಎಲ್ಲರನ್ನೂ ಒಮ್ಮೆ ನೋಡಿ, ಮಂಡಕ್ಕಿಗೆ ಬಾಯಿ ಹಾಕಿತು.

ಗೌರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಥೇಟ್ ಅವಳವ್ವನ ನಗು. ಎಷ್ಟು ದಿನವಾಗಿತ್ತು ಅದನ್ನು ಕೇಳಿ! ನೋಯುವ ಮಂಡಿ ಒತ್ತಿಕೊಳ್ಳುತ್ತಲೇ ಕಲ್ಲೇಶಪ್ಪ ಗುಡ್ಡದತ್ತ ತಿರುಗಿ ಕೈಮುಗಿದರು. ಇನ್ನು ಮಗಳು ಎಲ್ಲಿಗೂ ಹೋಗಳು.

ಸಂಜೆ ದೀಪ ಹಚ್ಚಿದ ಮಗಳು ಅಪ್ಪನ ಪಕ್ಕದಲ್ಲಿ ಬಂದು ಕೂತಳು.

"ಅಪ್ಪಾ, ಈ ಮುದುಕ್ರ ಜೊತೇನೇ ಇಷ್ಟು ಚೆನ್ನಾಗಿದ್ರೆ, ನನ್ನ ಓರಗೆಯೋರ ಜೊತೆ ಇನ್ನೆಷ್ಟು ಚೆನ್ನಾಗಿರ್ತೈತೋ! ನಾಳೆ ರಾಂಪುರಕ್ಕೆ ಕರ್ಕೊಂಡು ಹೋಗ್ತೀಯಾ?"

"ಬಸ್ಸು ನೆಟ್ಟಗೆ ಬರಲ್ಲವ್ವಾ..." ಎಂದರು. ಆದರೆ ಆ ನಗು ಇನ್ನೂ ಕಿವಿಯಲ್ಲಿತ್ತು. ಬೇಡ ಎನ್ನಲು ಬಾಯಿ ಬರಲಿಲ್ಲ.

ಎಂದೂ ಹೊತ್ತಿಗೆ ಬಾರದ ಬಸ್ಸು ಮರುದಿನ ಹೊತ್ತಿಗೆ ಮುಂಚೆಯೇ ಬಂದು ನಿಂತಿತು.

ಮಗಳನ್ನು ಹೈಸ್ಕೂಲಿಗೆ ಸೇರಿಸಿ ಒಬ್ಬರೇ ಮರಳಿದಾಗ ಪಡಸಾಲೆಯಲ್ಲಿ ಮೂವರೂ ಸಾಲಾಗಿ ಕೂತಿದ್ದರು. ಹುಚ್ಚಕ್ಕನ ಬಿಳಿ ಜಡೆಗೆ ಕೆಂಪು ರಿಬ್ಬನ್ನು ಬೇರೆ.

"ಇದೇನು ಮೇಷ್ಟ್ರೇ, ಇಷ್ಟೊತ್ತಿಗೆ ಬರ್ತೀರಿ? ಮಂಡಕ್ಕಿ ಎಲ್ಲಿ?"

ಕಲ್ಲೇಶಪ್ಪ ತಮ್ಮ ಜಾಗದಲ್ಲಿ ಕೂತರು. ರೂಢಿಯಂತೆ ಹಾಜರಿ ಕೂಗಿದರು.

"ಮಂಗಳಗೌರಿ."

ಬೋರಯ್ಯ ಹುಚ್ಚಕ್ಕನ ಮುಖ ನೋಡಿದ. ಆಮೇಲೆ, ನಿನ್ನೆ ಎಮ್ಮೆಯ ಹಗ್ಗ ಹರಿಯುವಂತೆ ಒದರಿದ್ದ ಪೆದ್ದಣ್ಣ ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಅಂದ:

"ಹಾಜರ್ ಸಾ."