ಡಸ್ಟರು ಬಿದ್ದ ದಿನ

ಮೊದಲ ಮಹಡಿಯ ಕಿಟಕಿಯಿಂದ ಹಾರಿದ ಡಸ್ಟರು ನೇರವಾಗಿ ಗಣಿತದ ಮೇಷ್ಟ್ರ ಬೋಳುತಲೆಯ ಮೇಲೆ ಬಿತ್ತು. ಪೆಟ್ಟೇನೂ ಆಗಲಿಲ್ಲ. ಆದರೆ ಹಿಟ್ಟಿನ ಗಿರಣಿಯಲ್ಲಿ ಹೊರಳಾಡಿ ಎದ್ದವರ ಹಾಗೆ ಬೆಳ್ಳಗಾದ ಅವರು ಸೀದಾ ಹೆಡ್ ಮೇಡಂ ಕೋಣೆಗೆ ನುಗ್ಗಿದರು.

“ಆ ಏಳನೇ ಕ್ಲಾಸಿನ ರೌಡೀನ ಇವತ್ತೇ ಕಿತ್ತು ಹಾಕಿ!”

ವರ್ಷಾವರ್ಷಾ ಶಾಲೆಯಿಂದ ಹೊರಬೀಳುತ್ತಿದ್ದ ಮಕ್ಕಳೆಲ್ಲ ಕಾಲುವೆಯಾಚೆಯ ಕೇರಿಯವರು. ಆ ಕೇರಿಯಿಂದ ಹೆಡ್ ಕುರ್ಚಿಗೆ ಬಂದವರಲ್ಲಿ ಮೇಡಂ ಅವರೇ ಮೊದಲಿಗರು. ಸ್ಟಾಫ್ ರೂಮಿನಲ್ಲಿ ಅವರ ಹೆಸರು ‘ಕಾಲುವೆ ಮೇಡಂ’.

“ನಿಮ್ಮ ಕಡೆಯವಳು ಅಂತ ಬಿಟ್ಟುಬಿಡಬೇಡಿ ಮತ್ತೆ,” ಬಾಗಿಲಲ್ಲಿ ನಿಂತಿದ್ದ ಉಪಮುಖ್ಯೋಪಾಧ್ಯಾಯರು ಒಗ್ಗರಣೆ ಹಾಕಿದರು.

“ಹೋದ ವಾರ ನಮ್ಮ ಸ್ಕೂಲ್ ಕಮಿಟಿ ಅಧ್ಯಕ್ಷರ ಮಗ ಲ್ಯಾಬಿನ ಗಾಜು ಒಡೆದನಲ್ಲ ಸಾರ್, ಅವನಿಗೇನು ಮಾಡಿದ್ವಿ?”

“ಅವನು ಸ್ವಲ್ಪ ಚೂಟಿ, ಮೇಡಂ.”

“ಗಾಜು ಒಡೆದವನು ಚೂಟಿ, ಡಸ್ಟರ್ ಎಸೆದವಳು ರೌಡಿ. ಈ ಲೆಕ್ಕ ನನಗೂ ಸ್ವಲ್ಪ ಹೇಳ್ಕೊಡಿ ಮೇಷ್ಟ್ರೇ.”

ಮೇಷ್ಟ್ರು ಕೆಮ್ಮಿದರು. ಮೀಸೆಯಿಂದ ಸೀಮೆಸುಣ್ಣದ ಪುಡಿ ಹಾರಿತು.

ಮೂರನೇ ಪೀರಿಯಡ್ಡಿಗೆ ಡಸ್ಟರು ಕಲ್ಲಾಯಿತು; ಊಟದ ಹೊತ್ತಿಗೆ ಇಟ್ಟಿಗೆ. ಡ್ರಿಲ್ ಮೇಷ್ಟ್ರು ತಾವು ನೋಡದ ರಕ್ತವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದರು. ಅಧ್ಯಕ್ಷರೇ ಫೋನ್ ಮಾಡಿ, “ಅವಳ ಟೀಸಿ ಕಾಗದ ಯಾವಾಗ ಕೊಡ್ತೀರಿ?” ಎಂದರು.

“ಈಗಲೇ ಸಾರ್. ಇವಳದ್ದು, ನಿಮ್ಮ ಮಗನದ್ದು, ಎರಡಕ್ಕೂ ಒಟ್ಟಿಗೇ ಸಹಿ ಮಾಡ್ತೀನಿ.”

ಅಧ್ಯಕ್ಷರಿಗೆ ಮಕ್ಕಳ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. “ಪಾಪ, ಎಳೇ ಮಕ್ಕಳು. ಬಿಡಿ ಮೇಡಂ.”

ಸಂಜೆ ಹುಡುಗಿಯ ತಾಯಿ ಲಾಂಡ್ರಿ ಕೆಲಸ ಮುಗಿಸಿ, ಮಗಳ ಕೈ ಹಿಡಿದು ಬಂದಳು. ಮೇಡಂ ಎದ್ದೇ ನಿಂತರು.

“ಹೆದರಬೇಡಮ್ಮ, ಎಲ್ಲ ಸರಿ ಮಾಡಿದೀನಿ. ನಾಳೆ ಕ್ಲಾಸಿಗೆ ಕಳಿಸು.”

“ಟೀಸಿ ಕೊಡಿ ಅಕ್ಕಾ. ನಾಳೆಯಿಂದ ನನ್ನ ಜೊತೆ ಇಸ್ತ್ರಿಗೆ ಬರ್ತಾಳೆ.”

ಮೇಡಂ ಹುಡುಗಿಯ ಮುಖ ನೋಡಿದರು.

“ನೀವು ಬರೋ ಮೊದಲು, ತಪ್ಪು ಮಾಡಿದ್ರೆ ಲೆಕ್ಕದ ಮೇಷ್ಟ್ರು ಬೈತಿದ್ರು ಮೇಡಂ,” ಎಂದಳು ಅವಳು. “ಈಗ ಲೆಕ್ಕ ಸರಿ ಮಾಡಿದ್ರೂ ‘ನಿಮ್ಮ ಕಾಲುವೆ ಮೇಡಂ ಉತ್ತರ ಹೇಳ್ಕೊಟ್ರಾ’ ಅಂತಾರೆ. ಎಲ್ಲರೂ ನಗ್ತಾರೆ. ಇವತ್ತೂ ಹಾಗೇ ಅಂದು, ಕ್ಲಾಸ್ ಮುಗಿಸಿ ಕೆಳಗೆ ಹೋಗ್ತಿದ್ರು. ಸಿಟ್ಟು ಬಂತು, ಎಸೆದುಬಿಟ್ಟೆ.”

ಮೇಡಂ ಗದರಿದರು, ಬೇಡಿಕೊಂಡರು, ಒಂದೇ ಒಂದು ತಿಂಗಳು ನೋಡು ಎಂದು ಗೋಗರೆದರು. ತಾಯಿ ಜಗ್ಗಲಿಲ್ಲ.

“ಹಳೇ ಹೆಡ್‌ಮಾಸ್ಟರ್ ಇದ್ದಾಗ ಈ ರೂಮಿಗೆ ಕಾಲಿಡೋಕೇ ನಡುಕ ಅಕ್ಕಾ. ನೀವು ನಮ್ಮೋರು, ಇಲ್ಲ ಅನ್ನಲ್ಲ ಅಂತ ಧೈರ್ಯವಾಗಿ ಕೇಳೋಕೆ ಬಂದೆ.”

ಗುಮಾಸ್ತರು ಫಾರಂ ತಂದರು. “ಕಾರಣ ‘ಸ್ವಂತ ಇಚ್ಛೆ’ ಅಂತ ಬರೀಲಾ ಮೇಡಂ?”

“ಹಾಗೇ ಬರೀರಿ!” ಉಪಮುಖ್ಯೋಪಾಧ್ಯಾಯರು ಒಳಬಂದು ಕೈ ಚಾಚಿದರು. “ಅಭಿನಂದನೆ ಮೇಡಂ. ಈ ವರ್ಷ ನಮ್ಮ ಶಾಲೆಯಿಂದ ಒಬ್ಬರನ್ನೂ ಹೊರಗೆ ಹಾಕಿಲ್ಲ.”

ಮೇಡಂ ಆ ಕೈ ಹಿಡಿಯಲಿಲ್ಲ. ಹುಡುಗಿಯನ್ನು ಹತ್ತಿರ ಕರೆದು, ಅವಳ ಯೂನಿಫಾರಂನ ಮಡಚಿಕೊಂಡಿದ್ದ ಕಾಲರನ್ನು ನಿಧಾನವಾಗಿ ಸರಿಮಾಡಿದರು. ಆಮೇಲೆ ಸಹಿ ಹಾಕಿದರು.