ಕೂತು ಏಳುವ ಆಟ

ಕೇಳಿದಷ್ಟಕ್ಕೇ ಉತ್ತರ ಹೇಳುವ ಶಿಸ್ತಿನಲ್ಲಿ ಬೆಳೆದವನು ನಾನು. ಅದರಿಂದ ಪರೀಕ್ಷೆಗಳು ಪಾಸಾದವು, ಮಾಸ್ತರಿಕೆ ಸಿಕ್ಕಿತು, ಮೊಣಕಾಲು ಮಾತ್ರ ಕೆಟ್ಟಿತು.

ಐವತ್ತರ ದಶಕದ ಕೊನೆಗೆ ಹಾನಗಲ್ಲಿನ ಖೋಖೋ ತಂಡದಲ್ಲಿದ್ದೆ. ಕಂಬ ತಿರುಗುವಾಗ ಒಮ್ಮೆ ಮೊಣಕಾಲು ಕಟಕ್ಕೆಂದಿತು. ಅಂದಿನಿಂದ ಅದು ಮಡಚಿ ಬಿಡಿಸುವಾಗ ನಡುವೆಯೇ ಸಿಕ್ಕಿಕೊಂಡು ನಿಲ್ಲತೊಡಗಿತು. ಎಣ್ಣೆ, ಬಿಸಿ ಇಟ್ಟಿಗೆ ಎಲ್ಲ ಸೋತ ಮೇಲೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಕೀಲಿನೊಳಗೆ ಹರಿದಿದ್ದ ಮೆತ್ತನೆಯ ಎಲುಬಿನ ಚೂರನ್ನು ತೆಗೆಸಿಕೊಂಡೆ. ಆಟದಲ್ಲಿ ಏನು ಮಾಡುತ್ತೀರಿ ಎಂದು ಡಾಕ್ಟರು ಕೇಳಿದರು. "ಓಡತೇನ್ರಿ" ಎಂದೆ. ಹಾಗಾದರೆ ಮತ್ತೆ ಓಡುತ್ತೀರಿ ಎಂದರು. ಕೂತು ಏಳುವ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತಿ ಇಳಿಸಿದೆ, ನಡೆದೆ, ಆಮೇಲೆ ಹಾವೇರಿ ರಸ್ತೆಯಲ್ಲಿ ಓಡಿದೆ. ಬಸ್ಸು ತಪ್ಪಿತೇನೆಂದು ಕಂಡಕ್ಟರು ದಿನವೂ ಬಾಗಿ ಕೇಳುತ್ತಿದ್ದ. ಮನೆಯಲ್ಲಿ ಅವ್ವ ನೆಲಕ್ಕೆ ಕೂಡಲು ಬಿಡದೆ ಕುರ್ಚಿಯ ಮೇಲೆಯೇ ಕೂರಿಸಿ ಉಣಬಡಿಸಿದಳು. ಕಾಲು ಗುಣವಾಯಿತೆಂದು ಊರೆಲ್ಲ ಹೇಳಿಕೊಂಡು ಬಂದೆ.

ಹಿರೇಕೆರೂರಿನವರ ಮೇಲೆ ಆಟ ಬಿತ್ತು. ಈ ಸಲ ಮಾಸ್ತರರ ಕಾಲು ನೋಡಿಯೇ ತಂಡದಲ್ಲಿ ಇಡುವುದೋ ಬಿಡುವುದೋ ತೀರ್ಮಾನ ಎಂದು ನಮ್ಮ ನಾಯಕ ಶಿವಲಿಂಗಪ್ಪ ಮೊದಲೇ ಸಾರಿದ್ದ. ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಕೂಡುವುದು ಕಷ್ಟವಾಗಲಿಲ್ಲ, ಭೂಮಿಯೇ ಎಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಶಿವಲಿಂಗಪ್ಪ ಹಿಂದಿನಿಂದ ಬೆನ್ನು ಮುಟ್ಟಿ "ಖೋ" ಎಂದ. ಖೋ ಬಿದ್ದವನು ಎದ್ದು ಅಟ್ಟಬೇಕು, ಕೊಟ್ಟವನು ಅವನ ಜಾಗದಲ್ಲಿ ಕೂಡಬೇಕು. ನಾನು ಜಾಗ ಬಿಡಲಿಲ್ಲ.

"ಏಳ್ರಿ ಮಾಸ್ತರ್ರ" ಎಂದ, ಮೆಲ್ಲಗೆ.

"ಏಳಾಕತ್ತೇನಪಾ."

"ಯಾವಾಗ ಸುರು ಮಾಡೀರಿ?"

ನಾವು ಹಿಡಿಯಬೇಕಾದ ಎದುರಾಳಿ, ಮಾಸೂರಿನ ಹನುಮಂತ, ಅತ್ತ ಓಡಿ ಇತ್ತ ಓಡಿ, ಅಟ್ಟುವವರಿಲ್ಲದೆ ಬೇಸತ್ತು ನಿಂತ. ಕೊನೆಗೆ ತಾನೇ ಬಂದು ಎರಡೂ ಕಂಕುಳಿಗೆ ಕೈ ಹಾಕಿ ನನ್ನನ್ನು ಎತ್ತಿದ. ಬೀಳಬಾರದೆಂದು ಅವನ ಹೆಗಲು ಹಿಡಿದೆ. ಪಂಚರು ಸೀಟಿ ಊದಿ ಅವನನ್ನು ಔಟ್ ಎಂದರು. ನಿಯಮ ನಿಯಮವೇ, ನಾನಾದರೂ ಹೇಗೆ ಬೇಡವೆನ್ನಲಿ?

"ಆತು ಬಿಡ್ರಿ. ಆದ್ರ ಮತ್ತ ಕುಂದರಬ್ಯಾಡ್ರಿ" ಎಂದು ಹನುಮಂತ ನನ್ನನ್ನು ಕಂಬಕ್ಕೆ ಒರಗಿಸಿ ಹೊರನಡೆದ.

ಮರುದಿನವೇ ನನ್ನ ಜಾಗ ಬೇರೆಯವನದಾಯಿತು. ಚಿಕಿತ್ಸೆಯಾದ ಮೇಲೆ ಆಟದಲ್ಲಿ ನಾನು ಹಿಡಿದದ್ದು ಒಬ್ಬನನ್ನೇ, ನನ್ನನ್ನು ಎಬ್ಬಿಸಲು ಬಂದವನನ್ನು.