ಜಪಾನಿಂದ ಬಂದ ಪೊರಕೆ

ಹಾಜರಿ ಕಮ್ಮಿ ಅಂತ ಡಿಗ್ರಿಯನ್ನು ಅರ್ಧಕ್ಕೇ ಬಿಟ್ಟವ ನಾನು. ಬಹ್ರೇನಿಗೆ ಬಂದ್ರೆ ಇಲ್ಲಿ ಸಿಕ್ಕಿದ ಕೆಲಸವೂ ಶಾಲೆಯಲ್ಲೇ, ಕ್ಲೀನಿಂಗ್ ಸೂಪರ್‌ವೈಸರ್! ಶಾಲೆ ಅಂದ ಮೇಲೆ ವಾರಕ್ಕೊಂದು ತಮಾಷೆ ಗ್ಯಾರಂಟಿ. ನಮ್ಮ ಪ್ರಿನ್ಸಿಪಾಲ್ ಮೇಡಂ ಜಪಾನಿನ ಶಾಲೆಗಳನ್ನು ನೋಡಿ ಬಂದ ಮೇಲೆ ದಿನಕ್ಕೊಂದು.

ಚಪ್ಪಾಳೆ

ಬಂದ ಮರುದಿನವೇ ಮೀಟಿಂಗ್. "ಅಲ್ಲಿ ಕ್ಲಾಸ್‌ರೂಮನ್ನು ಮಕ್ಕಳೇ ಗುಡಿಸಿ ಒರೆಸ್ತಾರೆ. ನಾವೂ ಶುರು ಮಾಡುವ" ಅಂದ್ರು ಮೇಡಂ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನು ಎಲ್ಲರಿಗಿಂತ ಜೋರು ತಟ್ಟಿದೆ. ಆಮೇಲೆ ತಲೆಗೆ ಹೋಯ್ತು: ಮಕ್ಕಳೇ ಗುಡಿಸಿದ್ರೆ ನಾನೆಂತಕ್ಕೆ? ನನ್ನ ವೀಸಾ ರಿನ್ಯೂವಲಿಗೆ ಬೇರೆ ಬಂದಿತ್ತು.

"ಮೇಡಂ, ನನ್ನ ಪೇಪರ್?"

"ನೋಡುವ."

ನನ್ನ ವೀಸಾ ಕ್ಯಾನ್ಸಲಿಗೆ ನಾನೇ ಚಪ್ಪಾಳೆ ತಟ್ಟಿದ ಹಾಗಾಯ್ತು ಮಾರಾಯ್ರೆ.

ಸ್ವಿಚ್

ಐದನೇ ಕ್ಲಾಸಿಗೆ ಪೊರಕೆ ಹಂಚಿದೆ. ಜಿಂಜ್ ಏರಿಯಾದ ದೊಡ್ಡ ಫ್ಲ್ಯಾಟ್‌ನಿಂದ ಬರುವ ಒಬ್ಬ ಹುಡುಗ ಪೊರಕೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಂಕಲ್, ಸ್ವಿಚ್ ಎಲ್ಲಿ?"

"ನಿನ್ನ ಸೊಂಟದಲ್ಲಿ ಉಂಟು. ಬಗ್ಗು, ಆನ್ ಆಗ್ತದೆ."

ಸಂಜೆ ಬ್ಯಾಚ್

ಅವನ ಅಮ್ಮ ಶಾಲೆಗೆ ಫೋನ್ ಮಾಡಿ ಬೈದ್ರು. "ನಾವು ಫೀಸ್ ಕಟ್ಟುದು ಮಗ ಕಸ ಗುಡಿಸ್ಲಿಕ್ಕಾ?"

ಎರಡು ವಾರ ಕಳೀತು. ಹೂರಾ ಏರಿಯಾದ ಅಂಗಡಿಯಲ್ಲಿ ಕುಚ್ಚಲಕ್ಕಿ ತಗೊಳ್ತಿದ್ದೆ. ಶಾಲೆ ಗೇಟಲ್ಲಿ ದಿನಾ ಕಾಣುವ ಅದೇ ಅಮ್ಮ ಹತ್ತಿರ ಬಂದ್ರು. ಇವತ್ತು ಖಲಾಸ್ ಅಂದ್ಕೊಂಡೆ. ಅವರು ಸ್ವರ ತಗ್ಗಿಸಿ ಕೇಳಿದ್ರು, "ಅಣ್ಣ, ಮಗ ಈಗ ಮನೆಯಲ್ಲೂ ಗುಡಿಸ್ತಾನೆ. ಅವನ ಅಪ್ಪನಿಗೆ ಸಂಜೆ ಬ್ಯಾಚ್ ಎಂತಾದ್ರೂ ಉಂಟಾ?"

ನನ್ನ ಮೊದಲ ಪಾಠ

ಜಪಾನಲ್ಲಿ ಇನ್ನೊಂದು ಪದ್ಧತಿ ಉಂಟಂತೆ. ಒಬ್ರು ಪಾಠ ಮಾಡುದು, ಉಳಿದ ಟೀಚರ್‌ಗಳೆಲ್ಲ ಹಿಂದೆ ಕೂತು ಮಕ್ಕಳು ಹೇಗೆ ಕಲೀತಾರೆ ಅಂತ ನೋಡುದು, ಆಮೇಲೆ ಒಟ್ಟಿಗೆ ಕೂತು ಚರ್ಚೆ. ಇಲ್ಲಿ ಮೊದಲು ಪಾಠ ಮಾಡ್ಲಿಕ್ಕೆ ಯಾರೂ ತಯಾರಿಲ್ಲ. ಒಬ್ಬರಿಗೆ ಗಂಟಲು ನೋವು, ಇನ್ನೊಬ್ಬರಿಗೆ ಪೋರ್ಷನ್ ಬಾಕಿ. ಮೇಡಂ ನನ್ನ ಕಡೆ ಬೆರಳು ತೋರಿಸಿದ್ರು. "ಮೊದಲ ಪಾಠ ಇವನದ್ದು. ನೆಲ ಒರೆಸುದು ಹೇಗೆ."

ಹಿಂದಿನ ಗೋಡೆಗೆ ಒರಗಿ ಹನ್ನೆರಡು ಜನ ಟೀಚರ್‌ಗಳು, ಕೈಯಲ್ಲಿ ನೋಟ್‌ಬುಕ್. ಬಾಗಿಲಲ್ಲಿ ಮೇಡಂ. ವೀಸಾ ನೆನಪಾಗಿ ಸ್ವರ ಎತ್ತಿದೆ: "ಮಕ್ಕಳೇ, ಒಳಗಿಂದ ಶುರು, ಬಾಗಿಲಲ್ಲಿ ಮುಕ್ತಾಯ. ಒಣಗುವ ತನಕ ಯಾರೂ ಕಾಲಿಡ್ಲಿಕ್ಕಿಲ್ಲ."

ಮಕ್ಕಳು ಎಂತ ಚಂದ ಒರೆಸಿದ್ರು ಗೊತ್ತಾ! ಹಿಂದೆ ಹಿಂದೆ ಸರಿದು ನಾವೆಲ್ಲ ಹೊರಗೆ ಬಂದ್ವಿ. ಟೀಚರ್‌ಗಳು ಒಳಗೇ ಬಾಕಿ. ಗಣಿತದ ಮೇಷ್ಟ್ರು ಒಂದು ಕಾಲು ಮುಂದಿಟ್ರು. ಸ್ವಿಚ್ ಕೇಳಿದ ಹುಡುಗ ಬಾಗಿಲಿಂದಲೇ ಪೊರಕೆ ತೋರಿಸಿದ. "ಸರ್, ಸ್ಟಾಪ್! ಒದ್ದೆ ಉಂಟು!"

"ನೆಲ ಒಣಗುದಾ, ನಾವು ಒಣಗುದಾ?" ಅಂತ ಮೇಷ್ಟ್ರು.

ಮೇಡಂ ನಕ್ಕು ನಕ್ಕು ಬಾಗಿಲು ಹಿಡಿದ್ರು. "ಚರ್ಚೆ ಅಲ್ಲೇ ಶುರು ಮಾಡಿ!" ಅಂತ ಒಳಗೆ ಕೂಗಿ, ನನಗೆ ಮೆಲ್ಲ ಹೇಳಿದ್ರು, "ನಿನ್ನ ವೀಸಾ ಪೇಪರಿಗೆ ಬೆಳಿಗ್ಗೆಯೇ ಸೈನ್ ಹಾಕಿದ್ದೇನೆ. ಕಲಿಸುವವನನ್ನು ಯಾರಾದ್ರೂ ಕಳಿಸ್ತಾರಾ?"

ನನ್ನ ಕಣ್ಣೂ ಒದ್ದೆ. ಫಿನಾಯಿಲ್ ಜೋರಾಯ್ತು ಮೇಡಂ ಅಂದೆ.

ಕಾಲೇಜಲ್ಲಿ ಒಂದು ಕ್ಲಾಸಲ್ಲೂ ಪೂರ್ತಿ ಕೂರದವ ನಾನು. ನನ್ನ ಕ್ಲಾಸಿಂದ ಮಾತ್ರ ಒಬ್ಬರಿಗೂ ಎದ್ದು ಹೋಗ್ಲಿಕ್ಕೆ ಆಗ್ಲಿಲ್ಲ.